ಸೋಲಾರ್ ದೀಪ ಮಂಕಾದರೆ ಮೊದಲು ಏನು ನೋಡಬೇಕು?

(ವಿದ್ಯಾರ್ಥಿಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ತಾಲ್ಲೂಕುಗಳ ತೋಟದ ಮನೆಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಸಣ್ಣ ಸೋಲಾರ್ ದೀಪಗಳನ್ನು ನೀವು ನೋಡಿದ್ದೀರಿ. ಆ ದೀಪ ರಾತ್ರಿ ಎಂಟಕ್ಕೇ ಮಂಕಾದರೆ ಎಸ್ಸೆಸ್ಸೆಲ್ಸಿ ಮಗುವಿನ ಓದು ಅಲ್ಲಿಗೇ ನಿಲ್ಲುತ್ತದೆ. "ಪ್ಯಾನೆಲ್ ಹೋಗಿದೆ, ಹೊಸದು ಹಾಕಿಸಿ" ಎಂದು ಯಾರೋ ಹೇಳುತ್ತಾರೆ. ಸಾಲ ಮಾಡಿ ಹೊಸದು ತಂದರೂ ದೀಪ ಹಾಗೆಯೇ ಉಳಿಯಬಹುದು. ಪ್ಯಾನೆಲ್ 20-25 ವರ್ಷ ಬಾಳುವ ವಸ್ತು. ದೋಷ ಹೆಚ್ಚಾಗಿ ಬೇರೆ ಕಡೆ ಇರುತ್ತದೆ.

ಮೊದಲು ಲೆಕ್ಕ ಹಾಕಿ. ಪ್ಯಾನೆಲ್ ಹಿಂದೆ 40 ವ್ಯಾಟ್ ಎಂದು ಬರೆದಿರುವುದು ಪ್ರಖರ ಬೆಳಕಿನಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ನಮ್ಮ ಬಿಸಿಲಿಗೆ ಅದು 60 ಡಿಗ್ರಿಯಷ್ಟು ಕಾದರೆ ಸುಮಾರು ಏಳನೇ ಒಂದು ಭಾಗ ಕಡಿಮೆಯಾಗುತ್ತದೆ. ಒಳ್ಳೆಯ ದಿನ ಬ್ಯಾಟರಿಗೆ ಸೇರುವುದು ಸುಮಾರು 130 ವ್ಯಾಟ್-ಗಂಟೆ. 5 ವ್ಯಾಟಿನ ಎರಡು ದೀಪ 5 ಗಂಟೆ ಉರಿದರೆ 50. 15 ವ್ಯಾಟಿನ ಫ್ಯಾನು 6 ಗಂಟೆ ತಿರುಗಿದರೆ 90. ಒಟ್ಟು 140. ಇಲ್ಲಿ ಕೆಟ್ಟಿರುವುದು ಯಾವುದೂ ಇಲ್ಲ, ಆದಾಯಕ್ಕಿಂತ ಖರ್ಚು ಹೆಚ್ಚು, ಅಷ್ಟೆ. ಮುಂಗಾರಿನ ಮೋಡದಲ್ಲಂತೂ ಆದಾಯ ಇನ್ನೂ ಇಳಿಯುತ್ತದೆ.

ಲೆಕ್ಕ ಸರಿಯಿದ್ದರೆ ಸೂರಿನ ಮೇಲೆ ನೋಡಿ. ಇಂಥ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ 36 ಕೋಶಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುತ್ತವೆ. ಕಾಲುವೆಯ ಒಂದೆಡೆ ಕಸ ಕಟ್ಟಿಕೊಂಡರೆ ಮುಂದಿನ ಗದ್ದೆಗಳಿಗೆಲ್ಲ ನೀರು ಕಡಿಮೆಯಾಗುವಂತೆ, ಒಂದು ತೆಂಗಿನ ಗರಿಯ ನೆರಳೂ ಉತ್ಪಾದನೆಯನ್ನು ಬಹಳ ಕುಗ್ಗಿಸಬಲ್ಲದು. ತಂಬಾಕು ಹದ ಮಾಡುವ ಬ್ಯಾರನ್‌ಗಳ ಪಕ್ಕದ ಮನೆಗಳಲ್ಲಿ ಹೊಗೆಯ ಮಸಿಯೂ ಗಾಜಿಗೆ ಅಂಟುತ್ತದೆ. ಬೆಳಗಿನ ತಂಪಿನಲ್ಲಿ ನೀರು, ಮೆತ್ತನೆಯ ಬಟ್ಟೆಯಿಂದ ಒರೆಸಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 12-15 ಡಿಗ್ರಿ ಓರೆಯಾಗಿರಲಿ.

ನಂತರ ಮಲ್ಟಿಮೀಟರ್ ಹಿಡಿಯಿರಿ. ನಡುಹಗಲಿನ ಬಿಸಿಲಿನಲ್ಲಿ ಪ್ಯಾನೆಲಿನ ತಂತಿಗಳನ್ನು ಚಾರ್ಜ್ ಕಂಟ್ರೋಲರಿನಿಂದ ಬಿಡಿಸಿ ಅಳೆದರೆ 19-22 ವೋಲ್ಟ್ ಬರಬೇಕು. ವೋಲ್ಟ್ ಬಂದರೆ ಸಾಲದು, ಮಂಕು ಬೆಳಕಿನಲ್ಲೂ ಅದು ಬರುತ್ತದೆ. ಮೀಟರನ್ನು 10 ಆಂಪಿಯರ್ ಡಿ.ಸಿ.ಗೆ ಇಟ್ಟು ಪ್ಯಾನೆಲಿನ ಎರಡು ತಂತಿಗಳಿಗೆ ಹಿಡಿಯಿರಿ. 40 ವ್ಯಾಟಿನದು 2 ಆಂಪಿಯರ್‌ಗಿಂತ ಹೆಚ್ಚು ಕೊಟ್ಟರೆ ಅದು ಚೆನ್ನಾಗಿದೆ. ಎಚ್ಚರಿಕೆ: ಈ ಪರೀಕ್ಷೆಯನ್ನು ಬ್ಯಾಟರಿಯ ಮೇಲೆ ಎಂದೂ ಮಾಡಬೇಡಿ, ಕೈ ಸುಟ್ಟೀತು.

ಪ್ಯಾನೆಲ್ ಸರಿಯಿದ್ದರೆ ತಂತಿ ನೋಡಿ. 0.75 ಚದರ ಮಿ.ಮೀ.ನ ತೆಳು ತಂತಿಯನ್ನು 10 ಮೀಟರ್ ದೂರ ಎಳೆದಿದ್ದರೆ ದಾರಿಯಲ್ಲೇ ಸುಮಾರು 1 ವೋಲ್ಟ್ ಸೋರಿಹೋಗುತ್ತದೆ. ಹಸಿರು ಕಿಲುಬು ಹಿಡಿದ ಜೋಡಣೆಯೂ ಹೀಗೆಯೇ ಕಳ್ಳ.

ಕೊನೆಗೆ ಬ್ಯಾಟರಿ. ಚಾರ್ಜು, ಲೋಡು ಎರಡನ್ನೂ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆಯಿರಿ: 12.6 ವೋಲ್ಟ್ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿ. ನೀರು ಗುರುತಿಗಿಂತ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಬೇಡ. ಹತ್ತಿರ ಬೀಡಿ, ಬೆಂಕಿ ಬೇಡ. ದಿನವಿಡೀ ಬಿಸಿಲು ಕಂಡು ತುಂಬಿದ ಬ್ಯಾಟರಿ ಒಂದೆರಡು ಗಂಟೆಯಲ್ಲೇ ಬಿದ್ದುಹೋದರೆ ಅದರ ಆಯಸ್ಸು ಮುಗಿದಿದೆ. ಪ್ಯಾನೆಲ್, ತಂತಿ, ಬ್ಯಾಟರಿ ಸರಿಯಿದ್ದೂ ಚಾರ್ಜ್ ಆಗದಿದ್ದರೆ ಕಂಟ್ರೋಲರ್ ಬದಲಿಸಬೇಕು.

ಕರ್ನಾಟಕದ ಹಳ್ಳಿಗಳಿಗೆ 1995ರಿಂದ ಸೋಲಾರ್ ದೀಪ ಮುಟ್ಟಿಸಿದ ಸೆಲ್ಕೊ ಸಂಸ್ಥೆಯ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬ್ಯಾಂಕ್ ಸಾಲದ ಜೊತೆಗೆ ಮನೆಬಾಗಿಲಿನ ರಿಪೇರಿ ಸೇವೆಗೂ ಆ ಸಂಸ್ಥೆ ಒತ್ತು ಕೊಟ್ಟಿತು. ದೀಪ ಕೊಡುವುದು ಅರ್ಧ ಕೆಲಸ, ಅದು ಉರಿಯುತ್ತಿರುವಂತೆ ನೋಡಿಕೊಳ್ಳುವುದು ಉಳಿದರ್ಧ.

ವಿದ್ಯಾರ್ಥಿಗಳೇ, ಕೆಲವು ನೂರು ರೂಪಾಯಿಯ ಮೀಟರ್ ಮತ್ತು ಒಂದು ನೋಟ್‌ಬುಕ್ ನಿಮ್ಮ ಬಳಿ ಇರಲಿ. ಅಳೆಯಿರಿ, ಬರೆದಿಡಿ, ಆಮೇಲೆ ತೀರ್ಮಾನಿಸಿ. ನಿಮ್ಮ ಊರಿನ ಒಂದು ಬಡಕುಟುಂಬ ಬೇಡದ ಸಾಲದಿಂದ ಪಾರಾದರೆ ನೀವು ಓದಿದ ಭೌತಶಾಸ್ತ್ರ ಸಾರ್ಥಕ.