ಹಳೆಯ ಪಂಪಿಗೆ ಹೊಸ ಬ್ಯಾಟರಿಯೋ, ಹೊಸ ಪಂಪೋ?

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಪಶುವೈದ್ಯರು ಬ್ಯಾಟರಿಯ ವಿಷಯ ಮಾತನಾಡುವುದೆಂದರೇನು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಉಣ್ಣೆ ನಿಯಂತ್ರಣದ ಬಗ್ಗೆ ತಿಳಿಸಲು ಯಾವ ಹಳ್ಳಿಗೆ ಹೋದರೂ ಈಗ ಕೇಳಿಬರುವ ಮೊದಲ ಪ್ರಶ್ನೆ ಔಷಧಿಯದಲ್ಲ. "ಸಾರ್, ಬೆನ್ನಿಗೆ ಹಾಕೋ ಪಂಪು ಚಾರ್ಜೇ ನಿಲ್ಲೋದಿಲ್ಲ. ಬ್ಯಾಟರಿ ಹಾಕಿಸಲೋ, ಹೊಸದೇ ತಗೊಳ್ಳಲೋ?" ಎನ್ನುವುದೇ ಪ್ರಶ್ನೆ. ಅಂಗಡಿಯವರು ಹೊಸದನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಅದು ಅವರ ವ್ಯಾಪಾರ. ನಮ್ಮ ಲೆಕ್ಕವನ್ನು ನಾವು ನೋಡಿಕೊಳ್ಳಬೇಕು.

ಬ್ಯಾಟರಿ ಸೊರಗಿದ ಪಂಪಿನಿಂದ ಔಷಧಿ ಹನಿಹನಿಯಾಗಿ ಬೀಳುತ್ತದೆ. ಕೂದಲ ಮೇಲೆ ನಿಲ್ಲುತ್ತದೆ, ಚರ್ಮಕ್ಕೆ ಇಳಿಯುವುದಿಲ್ಲ. ಕಿವಿಯೊಳಗೆ, ಬಾಲದ ಬುಡದಲ್ಲಿ, ತೊಡೆಯ ಸಂದಿಯಲ್ಲಿ ಕೂತ ಉಣ್ಣೆ ಹಾಗೆಯೇ ಉಳಿಯುತ್ತದೆ. ಅರೆಬರೆ ಔಷಧಿ ತಾಗಿ ಬದುಕುಳಿದ ಉಣ್ಣೆಯ ಸಂತತಿಗೆ ಬರಬರುತ್ತಾ ಆ ಔಷಧಿಯೇ ನಾಟುವುದಿಲ್ಲ. ಥೈಲೇರಿಯಾ, ಬಬೇಸಿಯಾ ಜ್ವರಗಳನ್ನು ತರುವುದು ಇದೇ ಉಣ್ಣೆ. ಮಿಶ್ರತಳಿ ರಾಸುಗಳಿಗೆ ಇವು ಎಷ್ಟು ದುಬಾರಿ ಎಂಬುದನ್ನು ಅನುಭವಿಸಿದವರು ಈ ಸಭೆಯಲ್ಲೇ ಇದ್ದೀರಿ.

ಮೊದಲು ಕೆಟ್ಟಿರುವುದು ಬ್ಯಾಟರಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ನಾಜಲ್ಲಿನ ಜಾಲರಿಯಲ್ಲಿ ಕಸ ಕಟ್ಟಿದ್ದರೂ ಪಂಪು ಸೋತಂತೆಯೇ ಕಾಣುತ್ತದೆ. ಅದನ್ನು ಬಿಚ್ಚಿ ತೊಳೆಯಿರಿ, ವೈರಿನ ತುದಿಗೆ ಹಸಿರು ಕಿಲುಬು ಹಿಡಿದಿದ್ದರೆ ಉಜ್ಜಿ. ಆಮೇಲೆ ನೆರೆಯವರ ಪಂಪಿನ ಒಳ್ಳೆಯ 12 ವೋಲ್ಟ್ ಬ್ಯಾಟರಿಯನ್ನು, ಕೆಂಪು ವೈರು ಪ್ಲಸ್ಸಿಗೇ ಬರುವಂತೆ ನೋಡಿ, ಐದು ನಿಮಿಷ ಜೋಡಿಸಿ. ಪಂಪು ಮೊದಲಿನಂತೆ ಸಿಡಿಸಿದರೆ ಮೋಟಾರು ಚೆನ್ನಾಗಿದೆ, ಬ್ಯಾಟರಿ ಮುಗಿದಿದೆ. ಆಗಲೂ ನೀರು ಎಳೆಯದಿದ್ದರೆ ಬ್ಯಾಟರಿಗೆ ಹಣ ಹಾಕಬೇಡಿ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಇದನ್ನು ಮಾಡದೆಯೇ ಹೊಸ ಪಂಪು ತಂದವರೇ ಹೆಚ್ಚು.

ಹಳೆಯ ಪಂಪುಗಳಲ್ಲಿ ಸಾಮಾನ್ಯವಾಗಿ ಇರುವುದು ಮೊಹರು ಮಾಡಿದ ಸೀಸದ ಬ್ಯಾಟರಿ, 12 ವೋಲ್ಟ್, 8 ಆಂಪಿಯರ್-ಅವರ್. ಈ ಎರಡು ಅಂಕಿಗಳ ಅರ್ಥ ತಿಳಿದರೆ ಅಂಗಡಿಯಲ್ಲಿ ಯಾರೂ ದಾರಿ ತಪ್ಪಿಸಲಾರರು. ವೋಲ್ಟ್ ಎಂದರೆ ಊರಿನ ನೀರಿನ ಟ್ಯಾಂಕಿನ ಎತ್ತರ ಎಂದುಕೊಳ್ಳಿ, ಆಂಪಿಯರ್-ಅವರ್ ಎಂದರೆ ಆ ಟ್ಯಾಂಕಿನಲ್ಲಿ ಹಿಡಿಯುವ ನೀರು. ಎತ್ತರ ಬದಲಾಗಬಾರದು, 12ರ ಜಾಗಕ್ಕೆ 12ರದ್ದೇ ಬರಬೇಕು. 8ರ ಬದಲು 12 ಆಂಪಿಯರ್-ಅವರಿನದು ಹಾಕಿದರೆ ಮೋಟಾರು ಸುಡುವುದಿಲ್ಲ, ಹೆಚ್ಚು ಹೊತ್ತು ಓಡುತ್ತದೆ ಅಷ್ಟೆ. ಆದರೆ ಅದು ಪೆಟ್ಟಿಗೆಯಲ್ಲಿ ಕೂರಬೇಕು, ತೂಕವನ್ನು ಹೊರುವ ಬೆನ್ನೂ ಒಪ್ಪಬೇಕು. 16 ಲೀಟರ್ ನೀರೇ 16 ಕಿಲೋ. ಈ ಪಂಪನ್ನು ಬಹಳಷ್ಟು ಮನೆಗಳಲ್ಲಿ ಹೊರುವವರು ಹೆಣ್ಣುಮಕ್ಕಳು ಎಂಬುದನ್ನು ಗಂಡಸರು ನೆನಪಿಡುವುದು ಒಳ್ಳೆಯದು.

ಇನ್ನು ಲಿಥಿಯಂ. ಜಪಾನಿನ ಸೋನಿ ಕಂಪನಿ 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಈ ಬಗೆಯ ಬ್ಯಾಟರಿ ಇಂದು ಮೊಬೈಲಿನಿಂದ ಹಿಡಿದು ಸ್ಕೂಟರಿನವರೆಗೆ ಬಂದಿದೆ. ಹಳೆಯ ಪಂಪಿಗೆ ಇದನ್ನು ಹಾಕಬಹುದೇ? ಹಾಕಬಹುದು. ಸೀಸದ ಬ್ಯಾಟರಿಯ ಅರ್ಧಕ್ಕಿಂತ ಕಡಿಮೆ ತೂಕ, ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಒತ್ತಡ, ಎಷ್ಟೋ ಪಾಲು ಹೆಚ್ಚು ಬಾಳಿಕೆ. ಬೆಲೆ ಮಾತ್ರ ಹೆಚ್ಚು. ಉಣ್ಣೆಯ ಕಾಲದಲ್ಲಿ ತಿಂಗಳಿಗೊಮ್ಮೆ ನಾಲ್ಕು ರಾಸಿಗೆ ಹೊಡೆಯುವವರಿಗೆ ಸೀಸದ ಬ್ಯಾಟರಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ತೋಟಕ್ಕೂ ವಾರವಾರ ಹೊಡೆಯುವವರಿಗೆ ಲಿಥಿಯಂ ಗಿಟ್ಟುತ್ತದೆ.

ಲಿಥಿಯಂ ತೆಗೆದುಕೊಳ್ಳುವವರು ಎರಡು ವಿಷಯ ಗಮನಿಸಬೇಕು. 12 ವೋಲ್ಟ್ ಎಂದು ಮಾರುವುದರಲ್ಲೇ ಎರಡು ಜಾತಿ ಇದೆ. ಒಂದರಲ್ಲಿ ಮೂರು ಸೆಲ್, ಪೂರ್ತಿ ತುಂಬಿದಾಗ 12.6 ವೋಲ್ಟ್. ಇನ್ನೊಂದು ಲಿಥಿಯಂ ಐರನ್ ಫಾಸ್ಫೇಟ್, ನಾಲ್ಕು ಸೆಲ್, ತುಂಬಿದಾಗ ಸುಮಾರು 14.6 ವೋಲ್ಟ್. ಎರಡನೆಯದು ಹಳೆಯ ಪಂಪಿಗೆ ಹೆಚ್ಚು ಹೊಂದುತ್ತದೆ, ಬೆಂಕಿಯ ಭಯವೂ ಕಡಿಮೆ. ಯಾವುದೇ ಇರಲಿ, ಅದರದ್ದೇ ಚಾರ್ಜರ್ ಬೇಕು, ಒಳಗೆ ರಕ್ಷಣಾ ಸರ್ಕ್ಯೂಟ್ ಇರಬೇಕು. ಸೀಸದ ಬ್ಯಾಟರಿಯ ಚಾರ್ಜರ್ 14 ವೋಲ್ಟಿಗೂ ಮೀರಿ ಕೊಡುತ್ತದೆ. ಅದನ್ನು 12.6ಕ್ಕೆ ತುಂಬುವ ಪ್ಯಾಕಿಗೆ ಚುಚ್ಚಿ, ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ಇಟ್ಟು, ರಾತ್ರಿ ಕರೆಂಟು ಬಂದಾಗ ಆಗಲಿ ಎಂದು ಮಲಗಿಬಿಟ್ಟರೆ, ರಕ್ಷಣಾ ಸರ್ಕ್ಯೂಟ್ ಕೈಕೊಟ್ಟ ದಿನ ಹತ್ತಿದ ಬೆಂಕಿ ಕಟ್ಟಿಹಾಕಿದ ರಾಸಿನವರೆಗೆ ಬರಲು ಎಷ್ಟು ಹೊತ್ತು? ಬ್ಯಾಟರಿ ಯಾವುದಾದರೂ ಮನೆಯ ಜಗುಲಿಯ ಕಲ್ಲಿನ ಮೇಲೆ, ಹಗಲು ಹೊತ್ತು, ಕಣ್ಣೆದುರಿಗೆ ಚಾರ್ಜ್ ಮಾಡಿ.

ಹಾಗಾದರೆ ಹೊಸ ಪಂಪು ಕೊಳ್ಳಲೇಬಾರದೇ ಎಂದರೆ, ಒಂದು ಸಂದರ್ಭದಲ್ಲಿ ಖಂಡಿತ ಕೊಳ್ಳಿ ಎನ್ನುತ್ತೇನೆ. ಕಳೆನಾಶಕ ಹೊಡೆದ ಪಂಪಿನಲ್ಲಿ ರಾಸಿಗೆ ಔಷಧಿ ಹೊಡೆಯಬೇಡಿ. ಎಷ್ಟು ತೊಳೆದರೂ ಪೈಪಿನಲ್ಲಿ, ವಾಷರಿನಲ್ಲಿ ಅಂಶ ಉಳಿಯುತ್ತದೆ. ಅಂಥವರು ಹಳೆಯದನ್ನು ಹೊಲಕ್ಕೇ ಬಿಟ್ಟು ರಾಸಿಗೆಂದು ಬೇರೆಯದು ಇಡಲಿ. ಟ್ಯಾಂಕು ಬಿರುಕು ಬಿಟ್ಟು ಬೆನ್ನಿಗೆ ಔಷಧಿ ಸೋರುತ್ತಿದ್ದರೂ ಅಷ್ಟೇ.

ಕೊಟ್ಟಿಗೆಯ ಕೆಲಸಕ್ಕೆ ವೈರಿಲ್ಲದ ಡ್ರಿಲ್, ಗ್ರೈಂಡರ್ ಇಟ್ಟುಕೊಂಡವರೂ ಇದೇ ಪ್ರಶ್ನೆ ಕೇಳುತ್ತಾರೆ. ಹಳೆಯ 18 ವೋಲ್ಟಿನ ಡ್ರಿಲ್ಲುಗಳಲ್ಲಿ 1.2 ವೋಲ್ಟಿನ 15 ನಿಕಲ್-ಕ್ಯಾಡ್ಮಿಯಂ ಸೆಲ್ ಇರುತ್ತಿದ್ದವು. ಈಗಿನ "20 ವೋಲ್ಟ್ ಮ್ಯಾಕ್ಸ್" ಎಂಬುದರಲ್ಲಿ 3.6 ವೋಲ್ಟಿನ ಐದು ಲಿಥಿಯಂ ಸೆಲ್. ಗುಣಿಸಿ ನೋಡಿ, ಅದೂ 18ಕ್ಕೇ ಬರುತ್ತದೆ. 20 ಎನ್ನುವುದು ಆಗತಾನೇ ತುಂಬಿದಾಗಿನ ಅಂಕಿ. ಡಿವಾಲ್ಟ್ ಕಂಪನಿ ತನ್ನ ಹಳೆಯ 18 ವೋಲ್ಟ್ ಉಪಕರಣಗಳಿಗೆ ಹೊಸ ಬ್ಯಾಟರಿ ಕೂರಿಸಲು ತಾನೇ ಅಡಾಪ್ಟರ್ ತಂದಿತು. ಹೀಗೆ ಕಂಪನಿಯೇ ಕೊಟ್ಟ ದಾರಿ ಇದ್ದರೆ ಧೈರ್ಯವಾಗಿ ಬಳಸಿ. ಕೆಲಸ ಮುಗಿದೊಡನೆ ಬ್ಯಾಟರಿಯನ್ನು ಅಡಾಪ್ಟರಿನಿಂದ ಕಳಚಿಡಿ. ಹೆಸರಿಲ್ಲದ ಅಡಾಪ್ಟರಿಗೆ ಆಸೆ ಪಡಬೇಡಿ. ಹಳೆಯ ಡ್ರಿಲ್ಲಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿಲ್ಲ, ಲಿಥಿಯಂ ಸೆಲ್ಲನ್ನು ಪೂರ್ತಿ ಬರಿದು ಮಾಡಿ ಕೊಂದುಬಿಡುತ್ತದೆ.

ಹೊಸ ಬ್ಯಾಟರಿ ಬಂದ ಮೇಲೆ ಹಳೆಯದು ಎಲ್ಲಿ ಹೋಗುತ್ತದೆ? ನಾನು ಇಲ್ಲಿಗೆ ಬಂದಿರುವುದು ಮುಖ್ಯವಾಗಿ ಈ ಮಾತಿಗೆ. ಕೊಟ್ಟಿಗೆಯ ಮೂಲೆಗೆ, ತಿಪ್ಪೆಗೆ, ಬಣವೆಯ ಬುಡಕ್ಕೆ ಬೀಳುತ್ತದೆ. ಮಕ್ಕಳು ಒಡೆಯುತ್ತಾರೆ. ಒಳಗಿನ ಬೂದುಬಣ್ಣದ ಸೀಸದ ಹಲ್ಲೆಗಳನ್ನು ರಾಸು ನೆಕ್ಕುತ್ತದೆ, ಜಗಿಯುತ್ತದೆ. ಖನಿಜ ಮಿಶ್ರಣ ಸಾಲದ ಹಸು ಮೂಳೆ, ಚಪ್ಪಲಿ ಜಗಿಯುವುದನ್ನು ನೀವೇ ಕಂಡಿದ್ದೀರಿ, ಅದಕ್ಕೆ ಇದೂ ಒಂದು ತಿಂಡಿ. ಕರುಗಳಿಗಂತೂ ಕಂಡದ್ದನ್ನೆಲ್ಲ ನೆಕ್ಕುವ ಚಪಲ.

ಸೀಸದ ವಿಷ ಏರಿದ ರಾಸು ಕಣ್ಣು ತೆರೆದೇ ಇದ್ದರೂ ಕುರುಡಾಗಿ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ, ಕಿವಿ ಮತ್ತು ಮುಖದ ಮಾಂಸ ಅದುರುತ್ತದೆ, ತಲೆಯನ್ನು ಕಂಬಕ್ಕೆ ಒತ್ತಿ ನಿಲ್ಲುತ್ತದೆ. ಕರುಗಳು ಸೆಟೆದು ಬಿದ್ದು ಒಂದೆರಡು ದಿನದಲ್ಲೇ ಸಾಯಬಹುದು. ನೋಡಿದವರು ಹುಚ್ಚುನಾಯಿ ಕಚ್ಚಿದೆ ಎಂದೋ, ಗಾಳಿ ಸೋಕಿದೆ ಎಂದೋ ತಿಳಿಯುತ್ತಾರೆ. ಹುಚ್ಚುರೋಗವೂ ಇರಬಹುದಾದ್ದರಿಂದ ಬರಿಗೈ ಬಾಯಿಗೆ ಹಾಕದೆ ಕೂಡಲೇ ವೈದ್ಯರನ್ನು ಕರೆಯಿರಿ. ಬ್ಯಾಟರಿ ಬಿದ್ದಿತ್ತು ಎಂಬ ಮಾತನ್ನು ಮುಚ್ಚಿಡಬೇಡಿ. ಕ್ಯಾಲ್ಸಿಯಂ ಇಡಿಟಿಎ ಎಂಬ ಚುಚ್ಚುಮದ್ದು, ಬಿ1 ಜೀವಸತ್ವ ಇವೆ, ಬೇಗ ಸಿಕ್ಕರೆ ಕೆಲವನ್ನು ಉಳಿಸಬಹುದು. ಬದುಕಿದ ಹಸುವಿನ ಹಾಲಿಗೂ ಸೀಸ ಇಳಿಯುತ್ತದೆ. ವೈದ್ಯರು ಹೇಳುವವರೆಗೆ ಆ ಹಾಲು ಸಂಘದ ಕ್ಯಾನಿಗೂ ಬೇಡ, ಮನೆಯ ಮಕ್ಕಳಿಗೂ ಬೇಡ.

ಹಳೆಯ ಬ್ಯಾಟರಿಯನ್ನು ಒಡೆಯದೆ ಹೊಸದು ಕೊಳ್ಳುವ ಅಂಗಡಿಗೇ ಒಯ್ಯಿರಿ. ಸೀಸಕ್ಕೆ ಬೆಲೆ ಇರುವುದರಿಂದ ಹಲವರು ಅದರ ಮೊತ್ತ ಕಳೆದೇ ಹೊಸದನ್ನು ಕೊಡುತ್ತಾರೆ, ಕೇಳಿ ಪಡೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು, ಲಿಥಿಯಂಗೂ ಇದು ಅನ್ವಯಿಸುತ್ತದೆ.

ಇಂದು ಪಂಪು ತಂದಿರುವವರು ಊಟದ ನಂತರ ಹಾಲಿನ ಡೇರಿಯ ಮುಂದೆ ಬನ್ನಿ. ಮೀಟರ್ ತಂದಿದ್ದೇನೆ, ಒಂದೊಂದನ್ನೂ ಓಡಿಸಿ ನೋಡೋಣ.