ನಿಮ್ಮ ವ್ಯಾಪಾರ ಬ್ಯಾಂಕಿಗೆ ಕಾಣಿಸಲಿ

(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಬ್ಯಾಂಕ್ ಅಧಿಕಾರಿಯಲ್ಲ. ಸಣ್ಣ ಉದ್ಯಮಗಳ ಸಾಲದ ಅರ್ಜಿ ಪರಿಶೀಲಿಸಲು ಬ್ಯಾಂಕುಗಳು ಬಳಸುವ ಸಾಫ್ಟ್‌ವೇರ್ ತಯಾರಿಸುವ ತಂಡದಲ್ಲಿ ಕೆಲಸ ಮಾಡುವವಳು. ಕೌಂಟರಿನ ಆ ಕಡೆ ಕುಳಿತವರಿಗೆ ನಮ್ಮ ಬಗ್ಗೆ ಏನು ಕಾಣಿಸುತ್ತದೆ, ಏನು ಕಾಣಿಸುವುದಿಲ್ಲ ಎಂಬುದು ಸ್ವಲ್ಪ ಗೊತ್ತು. ಇವತ್ತು ಅದನ್ನೇ ಹೇಳುತ್ತೇನೆ.

ನಮ್ಮಲ್ಲಿ ದೀಪಾವಳಿಗೆ ಚಕ್ಕುಲಿ, ಕರ್ಜಿಕಾಯಿ ಆರ್ಡರ್ ಹಿಡಿಯುವವರಿದ್ದಾರೆ. ಸಾರಿನಪುಡಿ, ಚಟ್ನಿಪುಡಿ ಮಾಡಿ ಕೊಡುವವರಿದ್ದಾರೆ. ಬ್ಲೌಸ್ ಹೊಲಿಯುವವರು, ಡಬ್ಬಿ ಊಟ ಕಳಿಸುವವರು ಇದ್ದಾರೆ. ಕೇಳಿದರೆ "ಏನೋ ಮನೇಲೇ ಸ್ವಲ್ಪ ಮಾಡ್ತೀನಿ" ಅನ್ನುತ್ತೇವೆ. ಆ ಸ್ವಲ್ಪದ ಹಣ ಎಲ್ಲಿಗೆ ಬರುತ್ತದೆ? ಎಷ್ಟೋ ಮನೆಗಳಲ್ಲಿ ಯಜಮಾನರ ಸೇವಿಂಗ್ಸ್ ಖಾತೆಗೆ. ಕ್ಯೂಆರ್ ಕೋಡ್ ಕೂಡ ಅವರದ್ದೇ.

ನನ್ನ ಪರಿಚಯದ ಒಬ್ಬರು ಹನ್ನೆರಡು ವರ್ಷ ಹೀಗೇ ಡಬ್ಬಿ ಊಟ ನಡೆಸಿದರು. ಯಜಮಾನರು ತೀರಿಕೊಂಡರು. ನಾಮಿನಿಯಾಗಿದ್ದರಿಂದ ಖಾತೆಯಲ್ಲಿದ್ದ ಹಣವೇನೋ ಕೈಗೆ ಬಂತು. ಆಮೇಲೆ ದೊಡ್ಡ ಗ್ರೈಂಡರ್, ಫ್ರಿಜ್ ಕೊಳ್ಳಲು ಸಾಲ ಕೇಳಿದಾಗ ಬ್ಯಾಂಕಿನವರು ಕೇಳಿದ್ದು ಒಂದೇ ಮಾತು: "ನಿಮ್ಮ ವಹಿವಾಟಿನ ಸ್ಟೇಟ್‌ಮೆಂಟ್ ಕೊಡಿ." ಅವರ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ದಿನಕ್ಕೆ ನಲವತ್ತು ಡಬ್ಬಿ ಕಳಿಸುತ್ತಿದ್ದವರು ಕಾಗದದ ಮೇಲೆ ಆದಾಯವೇ ಇಲ್ಲದ ಗೃಹಿಣಿ.

ಬ್ಯಾಂಕಿನವರು ಕೆಟ್ಟವರು ಅಂತ ಇದರ ಅರ್ಥವಲ್ಲ. ಅವರು ನೋಡುವುದು ಖಾತೆಗೆ ಪ್ರತಿ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು, ಆದಾಯ ತೆರಿಗೆ ರಿಟರ್ನ್ ಇದೆಯೇ, ಹಳೆಯ ಸಾಲ ಸರಿಯಾಗಿ ತೀರಿಸಿದ್ದಾರೆಯೇ ಎಂಬುದನ್ನು. ನಮ್ಮ ಕೈರುಚಿ ಅಲ್ಲಿ ಕಾಣಿಸುವುದಿಲ್ಲ.

ಈ ಲೆಕ್ಕ ನಮ್ಮ ನಾಡಿಗೆ ಹೊಸದೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೆ, ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ಎರಡಾಣೆ ಸಣ್ಣದು. ಆದರೆ ದಿನವೂ ತಪ್ಪದೆ ಕಟ್ಟಿದ ದಾಖಲೆ ಇತ್ತಲ್ಲ, ಅದರಿಂದ ಬ್ಯಾಂಕಿಗೆ ಆ ಮನುಷ್ಯರ ಪರಿಚಯವಾಗುತ್ತಿತ್ತು. ಇವತ್ತು ಯುಪಿಐ ಅದೇ ಕೆಲಸ ಮಾಡುತ್ತಿದೆ. ಐವತ್ತು ರೂಪಾಯಿಯ ಹೋಳಿಗೆ ಮಾರಿದರೂ ದಾಖಲಾಗುತ್ತದೆ. ಯಾರ ಹೆಸರಿನಲ್ಲಿ ದಾಖಲಾಗುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಇರುವ ಈ ವ್ಯವಸ್ಥೆಯಲ್ಲಿ ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕುಳಿತು ನೋಂದಾಯಿಸಬಹುದು. ಸರ್ಕಾರಿ ಪೋರ್ಟಲ್‌ನಲ್ಲಿ ಇದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಎರಡನೆಯದು, ವ್ಯಾಪಾರದ ಹೆಸರಿನಲ್ಲಿ ಕರೆಂಟ್ ಖಾತೆ. ಬಡ್ಡಿ ಬರುವುದಿಲ್ಲ, ಕನಿಷ್ಠ ಬ್ಯಾಲೆನ್ಸ್ ಹೆಚ್ಚಿರಬಹುದು, ಆದ್ದರಿಂದ ಎರಡು ಮೂರು ಬ್ಯಾಂಕುಗಳಲ್ಲಿ ವಿಚಾರಿಸಿ ತೆರೆಯಿರಿ. ಸಾಮಾನ್ಯವಾಗಿ ವ್ಯಾಪಾರದ ಎರಡು ಪುರಾವೆ ಕೇಳುತ್ತಾರೆ. ಉದ್ಯಮ್ ಪ್ರಮಾಣಪತ್ರ ಒಂದಾಗುತ್ತದೆ. ತಿಂಡಿ-ತಿನಿಸು ಮಾಡುವವರಿಗೆ ಹೇಗೂ ಬೇಕಾಗುವ ಎಫ್‌ಎಸ್‌ಎಸ್‌ಎಐ ನೋಂದಣಿ ಇನ್ನೊಂದಾಗಬಹುದು. ವ್ಯಾಪಾರದ ಹಣವೆಲ್ಲ ಅಲ್ಲಿಗೇ ಬರಲಿ. ಮನೆಖರ್ಚಿಗೆ ಬೇಕಾದದ್ದನ್ನು ತಿಂಗಳಿಗೊಮ್ಮೆ ನಿಮ್ಮ ಸೇವಿಂಗ್ಸ್ ಖಾತೆಗೆ ಹಾಕಿಕೊಳ್ಳಿ.

"ತೆರಿಗೆ ಬೀಳೋದಿಲ್ವಾ?" ಅಂತ ಕೇಳುತ್ತೀರಿ. ಯಜಮಾನರ ಖಾತೆಗೆ ಬಂದ ಹಣವೂ ಗುಟ್ಟಾಗಿ ಉಳಿಯುವುದಿಲ್ಲ. ನಾಳೆ ಪ್ರಶ್ನೆ ಬಂದರೆ ನಿಮ್ಮ ಚಕ್ಕುಲಿಗೆ ಅವರು ಉತ್ತರ ಕೊಡಬೇಕು! ನಿಮ್ಮ ಹೆಸರಿನಲ್ಲೇ ರಿಟರ್ನ್ ಸಲ್ಲಿಸಿದರೆ ಅದೇ ನಾಳೆಗೆ ನಿಮ್ಮ ಪುರಾವೆ.

ಮೂರನೆಯದು, ಸಾಲ. ಯಂತ್ರಕ್ಕೆ ಟರ್ಮ್ ಲೋನ್, ಅಂದರೆ ಕಂತಿನ ಸಾಲ. ದಿನನಿತ್ಯದ ಬೇಳೆ, ಎಣ್ಣೆ, ಬಟ್ಟೆಗೆ ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್. ಇದರಲ್ಲಿ ಬಳಸಿದಷ್ಟು ಹಣಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಸಣ್ಣ ಉದ್ಯಮಗಳಿಗೆ ಇದನ್ನು ಲೆಕ್ಕ ಹಾಕುವ ಒಂದು ಸರಳ ಕ್ರಮವಿದೆ, ನಾಯಕ್ ಸಮಿತಿ ಸೂಚಿಸಿದ್ದು: ವರ್ಷದ ಅಂದಾಜು ವಹಿವಾಟಿನ ಶೇ. 20 ಬ್ಯಾಂಕಿನದು, ಶೇ. 5 ನಮ್ಮದು. ತಿಂಗಳಿಗೆ 80,000 ರೂಪಾಯಿ ವ್ಯಾಪಾರವಿದ್ದರೆ ವರ್ಷಕ್ಕೆ 9.6 ಲಕ್ಷ. ಬ್ಯಾಂಕಿನ ಪಾಲು 1.92 ಲಕ್ಷ, ನಮ್ಮದು 48,000. ಆ 80,000 ಖಾತೆಯಲ್ಲಿ ಕಾಣಿಸದಿದ್ದರೆ ಲೆಕ್ಕ ಸೊನ್ನೆಯಿಂದ ಸೊನ್ನೆಗೆ.

"ಅಡ ಇಡೋಕೆ ನನ್ನ ಹತ್ರ ಏನಿದೆ?" ಎಂದು ಹಿಂಜರಿಯಬೇಡಿ. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ನಿಗದಿತ ಮಿತಿಯವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಮುದ್ರಾ ಯೋಜನೆಯಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ. ಮೈಮೇಲಿನ ಬಳೆ ಕಳಚುವ ಮೊದಲು ಇದನ್ನು ವಿಚಾರಿಸಿ.

ನಾಲ್ಕನೆಯದು, ಬರಬೇಕಾದ ಬಾಕಿ. ಕಂಪನಿಗಳಿಗೆ ಊಟ, ಯೂನಿಫಾರ್ಮ್ ಒದಗಿಸುವವರಿಗೆ ತಿಂಗಳುಗಟ್ಟಲೆ ಹಣ ಬರುವುದಿಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಬರವಣಿಗೆಯ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ನೆನಪಿಡಿ, ಇದು ನೋಂದಣಿ ಇರುವ ತಯಾರಕರಿಗೆ, ಸೇವೆ ಕೊಡುವವರಿಗೆ. ಸೀರೆ ತಂದು ಮಾರುವಂಥ ವ್ಯಾಪಾರಕ್ಕೆ ಈ ರಕ್ಷಣೆ ಇಲ್ಲ.

ಯಜಮಾನರ ಮೇಲೆ ಅಪನಂಬಿಕೆಯಿಂದ ಇದನ್ನೆಲ್ಲ ಮಾಡಿ ಎಂದು ನಾನು ಹೇಳುತ್ತಿಲ್ಲ. ದುಡಿಮೆ ನಿಮ್ಮದಾದ ಮೇಲೆ ದಾಖಲೆಯೂ ನಿಮ್ಮದಾಗಿರಲಿ. ಸಾಲ ಈಗ ಬೇಡದಿದ್ದರೂ ಖಾತೆ ಈಗಲೇ ತೆರೆಯಿರಿ. ಒಂದು ವರ್ಷದ ಸ್ಟೇಟ್‌ಮೆಂಟ್ ತಯಾರಾಗಲು ಒಂದು ವರ್ಷವೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಉದ್ಯಮ್ ನೋಂದಣಿಗೆ ಸಹಾಯ ಬೇಕಾದವರು ಆಧಾರ್, ಪ್ಯಾನ್ ಮತ್ತು ಆಧಾರಿಗೆ ಜೋಡಿಸಿದ ಮೊಬೈಲ್ ತೆಗೆದುಕೊಂಡು ಬನ್ನಿ, ಕಾಫಿ ವಿರಾಮದಲ್ಲಿ ಕೂತು ಮಾಡಿಬಿಡೋಣ. ಓಟಿಪಿಯನ್ನು ಮಾತ್ರ ನೀವೇ ಟೈಪ್ ಮಾಡಿ, ನನಗೂ ಹೇಳಬೇಡಿ!