ಏಳು ದಿನ ಜೊತೆಗಿರುವ ಪ್ರಶ್ನೆ

ವಾರದ ಪ್ರಶ್ನೆ ಎಂದರೆ ಉತ್ತರ ಹುಡುಕಲು ಏಳು ದಿನ ಬಿಡುವಿರುವ ಪ್ರಶ್ನೆ. ಶಾಲೆಯ ಜಗಲಿಯ ಕರಿಹಲಗೆಯ ಮೇಲೆ, ಗ್ರಂಥಾಲಯದ ಬಾಗಿಲ ಪಕ್ಕದ ಫಲಕದಲ್ಲಿ, ವಾರಪತ್ರಿಕೆಯ ಮೂಲೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಸರಿಯುತ್ತರ ಸಿಗುವುದು ಮುಂದಿನ ವಾರ. ಪರೀಕ್ಷೆಯ ಪ್ರಶ್ನೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ರಸಪ್ರಶ್ನೆಯ ವೇದಿಕೆಯಲ್ಲಿ ಕೆಲವೇ ಕ್ಷಣಗಳಲ್ಲಿ ಬಾಯಿಬಿಡಬೇಕು. ವಾರದ ಪ್ರಶ್ನೆ ಮಾತ್ರ ಮನೆಯವರೆಗೆ ಬರುತ್ತದೆ. ಊಟಕ್ಕೆ ಕೂತಾಗಲೂ ಬಸ್ಸಿಗೆ ಕಾಯುವಾಗಲೂ ಜೊತೆಗಿರುತ್ತದೆ.

ಪ್ರಶ್ನೆ ಕೇಳಿ ಬುದ್ಧಿಗೆ ಸಾಣೆ ಹಿಡಿಯುವ ರೂಢಿ ಈ ನಾಡಿನಲ್ಲಿ ಬಹಳ ಹಳೆಯದು. ಕನ್ನಡದ ಒಗಟು, ತುಳುವಿನ ಎದುರುಕತೆ ಇವೆರಡೂ ಮಾಡಿಕೊಂಡು ಬಂದ ಕೆಲಸ ಅದೇ. ಹೊಸ ಕಾಲದ ರಸಪ್ರಶ್ನೆಗೆ ನೆಲೆ ಕೊಟ್ಟ ಸಂಸ್ಥೆಗಳಲ್ಲಿ 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಒಂದು. 2002ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಶುರುವಾದ ಮೇಲೆ ಕನ್ನಡದ ಪ್ರಶ್ನೆ ಮನೆಮನೆಗೆ ತಲುಪಿತು. ವೃತ್ತಿಯಿಂದ ವೈದ್ಯರಾದ ಅವರು ನಡೆಸಿಕೊಟ್ಟ ಆ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಸಿಗುತ್ತಿದ್ದ ಬಹುಮಾನ ಪುಸ್ತಕ. ಒಂದು ಉತ್ತರ ಗೊತ್ತಿದ್ದವರ ಕೈಗೆ ನೂರು ಪ್ರಶ್ನೆಗಳನ್ನು ಹುಟ್ಟಿಸುವ ವಸ್ತುವನ್ನು ಕೊಡುವ ಬಹುಮಾನ ಅದು.

ಥಟ್ಟನೆ ಉತ್ತರಿಸುವುದು ಒಂದು ಕೌಶಲ. ವಾರವಿಡೀ ಹುಡುಕುವುದು ಇನ್ನೊಂದು. ಈ ಎರಡನೆಯದನ್ನು ಒಂದು ಉದಾಹರಣೆಯಿಂದ ನೋಡಬಹುದು. ಕರಾವಳಿಯ ಸುರತ್ಕಲ್ಲಿನ ಪಕ್ಕದ ಕಾಟಿಪಳ್ಳದಲ್ಲಿ ಒಂದು ಪ್ರಶ್ನೆ ಬಂತೆಂದು ಇಟ್ಟುಕೊಳ್ಳೋಣ: 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆಯಾದದ್ದು ಯಾವುದು, ಅದು ಎಲ್ಲಿದೆ? ಮಂಗಳೂರು ಎನ್ನುವುದು ತಕ್ಷಣ ಹೊಳೆಯುತ್ತದೆ. ಆದರೆ ಮಂಗಳೂರಿನಲ್ಲಿ ಬಂದರುಗಳು ಎರಡು. ನದಿಗಳು ಕಡಲು ಸೇರುವ ಅಳಿವೆಯ ಬಳಿ ಇರುವುದು ಹಳೆಯದು. ಪಣಂಬೂರಿನಲ್ಲಿರುವುದು ನವಮಂಗಳೂರು ಬಂದರು. ಘೋಷಣೆಯಾದದ್ದು ಪಣಂಬೂರಿನ ಬಂದರು. ಉತ್ತರ ಸಿಕ್ಕಿತು, ನಿಜ. ಆದರೆ ವಾರದಲ್ಲಿ ಇನ್ನೂ ಐದು ದಿನ ಉಳಿದಿವೆ.

ಆ ಐದು ದಿನಗಳಲ್ಲಿ ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಕೊಂಡಿ ಹಾಕಿಕೊಳ್ಳುತ್ತದೆ. ನವಮಂಗಳೂರು ಬಂದರು ತೀರದ ನೆಲವನ್ನು ಅಗೆದು, ಕಡಲಿನ ನೀರನ್ನು ಒಳಗೆ ತಂದು ನಿರ್ಮಿಸಿದ ಕೃತಕ ಬಂದರು. ಅಗೆದ ನೆಲದ ಮೇಲೆ ಅದಕ್ಕೂ ಮೊದಲು ಏನಿತ್ತು? ಮನೆಗಳಿದ್ದವು, ಗದ್ದೆ ತೋಟಗಳಿದ್ದವು. ಅಲ್ಲಿದ್ದವರು ಎಲ್ಲಿಗೆ ಹೋದರು? ಬಂದರಿಗಾಗಿ ನೆಲ ಬಿಟ್ಟ ಕುಟುಂಬಗಳಿಗೆ ಪುನರ್ವಸತಿ ದೊರೆತದ್ದು ಕಾಟಿಪಳ್ಳ ಮತ್ತು ಕೃಷ್ಣಾಪುರದಲ್ಲಿ. ಕಾಟಿಪಳ್ಳದವರು ಇವತ್ತಿಗೂ ತಮ್ಮ ಮನೆಯ ಗುರುತು ಹೇಳುವಾಗ ಎರಡನೇ ಬ್ಲಾಕ್, ಏಳನೇ ಬ್ಲಾಕ್ ಎಂದು ಸಂಖ್ಯೆ ಹೇಳುತ್ತಾರೆ. ದೇಶದ ಬಂದರುಗಳ ಪಟ್ಟಿಯಿಂದ ಹೊರಟ ಪ್ರಶ್ನೆ ಹೀಗೆ ಮನೆಯಂಗಳಕ್ಕೆ ಬಂದು ನಿಲ್ಲುತ್ತದೆ. ಅದರ ಉಳಿದ ಉತ್ತರ ಇರುವುದು ಪಣಂಬೂರಿನಿಂದ ಸಾಮಾನು ಹೊತ್ತು ಬಂದ ಹಿರಿಯರ ನೆನಪಿನಲ್ಲಿ.

ಕಾಟಿಪಳ್ಳ ಎಂಬ ಊರಿನ ಹೆಸರೂ ಇಂಥದ್ದೇ ಒಂದು ಪ್ರಶ್ನೆ. ತುಳುವಿನಲ್ಲಿ ಪಳ್ಳ ಎಂದರೆ ಕೆರೆ, ನೀರು ನಿಲ್ಲುವ ತಗ್ಗು. ಮಣಿಪಾಲಕ್ಕೆ ಹೆಸರು ಕೊಟ್ಟ ಮಣ್ಣಪಳ್ಳದಲ್ಲಿಯೂ ಇರುವುದು ಅದೇ ಪಳ್ಳ. ಒಂದು ಪದದ ಅರ್ಥ ತಿಳಿದವರಿಗೆ ಕರಾವಳಿಯ ಹಲವು ಹೆಸರುಗಳ ಬಾಗಿಲು ತೆರೆಯುತ್ತದೆ.

ಹುಡುಕಿ ಕಂಡುಕೊಂಡ ಉತ್ತರ ಮನಸ್ಸಿನಲ್ಲಿ ಉಳಿಯಲು ಕಾರಣವಿದೆ. ಓದಿದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ಹಲವು ದಿನಗಳಿಗೆ ಹಂಚಿಕೊಂಡು ಕಲಿಯುವುದು ಮೇಲು ಎಂಬುದೂ ಅವನ ಪ್ರಯೋಗಗಳಿಂದ ತಿಳಿಯಿತು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇನ್ನೊಂದು ಸಂಗತಿ ತೋರಿಸಿಕೊಟ್ಟರು: ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯಲು ಯತ್ನಿಸಿದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ವಾರದ ಪ್ರಶ್ನೆ ಮಾಡಿಸುವ ಕೆಲಸವೂ ಇದೇ.

ತಪ್ಪು ಉತ್ತರಕ್ಕೂ ಬೆಲೆಯಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು ಎಂದು ಕೇಳಿದರೆ ವಾರಕ್ಕೊಮ್ಮೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಬಹುದು. ಆದರೆ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ಆ ಪತ್ರಿಕೆ ಪಾಕ್ಷಿಕ. ಅದನ್ನು ಮುದ್ರಿಸುತ್ತಿದ್ದದ್ದು ಕಲ್ಲಚ್ಚಿನಲ್ಲಿ. ತಾನು ಹೇಳಿದ್ದೇ ಸರಿ ಎಂದು ನಂಬಿದ್ದವರಿಗೆ ತಪ್ಪು ತಿಳಿದಾಗ ಒಂದು ಸಣ್ಣ ಆಘಾತವಾಗುತ್ತದೆ. ಆ ಆಘಾತವೇ ಸರಿಯುತ್ತರವನ್ನು ಆಳಕ್ಕೆ ಇಳಿಸುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಪ್ರಯೋಗಗಳಲ್ಲಿ ಕಂಡಿದ್ದಾರೆ. ಆದ್ದರಿಂದ ಖಾಲಿ ಬಿಡುವುದಕ್ಕಿಂತ ಯೋಚಿಸಿ ಒಂದು ಉತ್ತರ ಬರೆದಿಡುವುದು ಒಳ್ಳೆಯದು. ಮಕ್ಕಳ ತಪ್ಪು ಉತ್ತರಕ್ಕೆ ನಗದಿರುವುದು ದೊಡ್ಡವರ ಹೊಣೆ.

ಉತ್ತರ ಹುಡುಕುವುದಕ್ಕೂ ಒಂದು ಕ್ರಮವಿದೆ. ಮೊದಲು ಪ್ರಶ್ನೆಯನ್ನು ಎರಡು ಸಲ ಓದಿ, ಅದರಲ್ಲಿರುವ ಇಸವಿ, ಊರು, ಎಷ್ಟನೆಯದು ಎಂಬ ಸುಳಿವುಗಳನ್ನು ಗುರುತಿಸಬೇಕು. ಗೊತ್ತಿರುವುದನ್ನು ಬರೆದುಕೊಂಡು, ಆಗದ ಸಾಧ್ಯತೆಗಳನ್ನು ಒಂದೊಂದಾಗಿ ಬಿಡುತ್ತ ಬರಬೇಕು. ಆಮೇಲೆ ಮನೆಯವರನ್ನು, ಹಿರಿಯರನ್ನು, ಆ ವಿಷಯ ಬಲ್ಲವರನ್ನು ಕೇಳಬೇಕು. ನಕ್ಷೆ, ನಿಘಂಟು, ವಿಶ್ವಕೋಶಗಳ ಸರದಿ ಆಮೇಲಿನದು. ಒಂದು ಕಡೆ ಸಿಕ್ಕಿದ್ದನ್ನು ಇನ್ನೊಂದು ಕಡೆ ತಾಳೆ ನೋಡಿದ ನಂತರವೇ ಉತ್ತರ ಪಕ್ಕಾ ಆಗುವುದು.

ಮೊಬೈಲಿಗೆ ಈ ಕ್ರಮದಲ್ಲಿ ಜಾಗವಿರುವುದು ಕೊನೆಯಲ್ಲಿ. ಏಕೆಂಬುದನ್ನು ಒಂದು ಹಳೆಯ ಕತೆ ಹೇಳುತ್ತದೆ. ಮಹಾಭಾರತದ ಅರಣ್ಯಪರ್ವದಲ್ಲಿ ಬಾಯಾರಿದ ಪಾಂಡವರು ಒಬ್ಬೊಬ್ಬರಾಗಿ ಕೊಳಕ್ಕೆ ಬರುತ್ತಾರೆ. ಮೊದಲು ಪ್ರಶ್ನೆಗೆ ಉತ್ತರ, ಆಮೇಲೆ ನೀರು ಎಂದು ಯಕ್ಷ ತಡೆಯುತ್ತಾನೆ. ಧರ್ಮರಾಯನ ನಾಲ್ವರು ತಮ್ಮಂದಿರು ಆ ಮಾತಿಗೆ ಕಿವಿಗೊಡದೆ ನೀರು ಕುಡಿದು ಕೆಳಗೆ ಬೀಳುತ್ತಾರೆ. ಧರ್ಮರಾಯನಿಗೂ ಅಷ್ಟೇ ಬಾಯಾರಿಕೆಯಿತ್ತು. ಅವನು ನಿಂತ, ಯೋಚಿಸಿದ, ಉತ್ತರಿಸಿದ. ಅವನಿಗೆ ನೀರೂ ಸಿಕ್ಕಿತು, ತಮ್ಮಂದಿರೂ ಮರಳಿ ಸಿಕ್ಕಿದರು. ಕೈಯಲ್ಲಿರುವ ಮೊಬೈಲು ಇಂದಿನ ಕೊಳ. ಅದರ ನೀರಿನಲ್ಲಿ ದೋಷವಿಲ್ಲ. ಆದರೆ ಯೋಚಿಸುವ ಮೊದಲೇ ಕುಡಿದವರಿಗೆ ಅದು ದಕ್ಕುವುದಿಲ್ಲ. ಏಳು ದಿನ ಪ್ರಶ್ನೆಯ ಜೊತೆ ಬಾಳಿದವರಿಗೆ ಎಂಟನೆಯ ದಿನ ಬರುವ ಉತ್ತರ ಹೊಸ ಸುದ್ದಿಯಂತೆ ಕೇಳಿಸುವುದಿಲ್ಲ, ಕಾದು ಕೂತಿದ್ದ ನೆಂಟರು ಮನೆಗೆ ಬಂದಂತೆ ಇರುತ್ತದೆ.